ಮನೆಯ ಗಣಕಕ್ಕೆ ಗುಪ್ತಪದ ಬೇಕೆ? – ಒಂದು ಚಾರಿತ್ರಿಕ ನೋಟ

ಮನೆಯ ಗಣಕವನ್ನು ಚಾಲೂ ಮಾಡಿದೊಡನೆ ಅದು ಮೊದಲು ಕೇಳುವುದು ನಮ್ಮ ಗುರುತನ್ನು. ಪಾಸ್‌ವರ್ಡ್ ಎಂದು ನಾವೆಲ್ಲ ಕರೆಯುವ ಗುಪ್ತಪದವನ್ನು ಒತ್ತಿದ ಮೇಲೆಯೇ ಒಳಗೆ ಪ್ರವೇಶ. ದಿನಕ್ಕೆ ನಾಲ್ಕಾರು ಬಾರಿ ಇದನ್ನು ಮಾಡಬೇಕಾದವರಿಗೆ 'ನನ್ನ ಮನೆ, ನನ್ನ ಗಣಕ. ಯಾರಿಗಾಗಿ ಈ ಬೀಗ?' ಎನ್ನಿಸುವುದು ಸಹಜ. ಗುಪ್ತಪದವನ್ನು ಕೇಳದೆ ನೇರವಾಗಿ ಒಳಗೆ ಬಿಡುವಂತೆ ಗಣಕವನ್ನು ಹೊಂದಿಸಿಕೊಂಡವರು ಅನೇಕರಿದ್ದಾರೆ. ಅವರು ಮಾಡಿದ್ದು ಸರಿಯೇ, ತಪ್ಪೇ?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಏಕೆಂದರೆ ತೆರೆಯ ಮೇಲಿನ ಆ ಪುಟ್ಟ ಚೌಕದ ಹಿಂದೆ ಒಂದಲ್ಲ, ಮೂರು ಬೇರೆ ಬೇರೆ ಕೆಲಸಗಳಿವೆ. ಒಂದೇ ಯಂತ್ರವನ್ನು ಬಳಸುವ ಹಲವರನ್ನು ಬೇರ್ಪಡಿಸುವುದು ಮೊದಲನೆಯದು. ತಂತಿಯ ಮೂಲಕ ದೂರದಿಂದ ಬರುವವರನ್ನು ತಡೆಯುವುದು ಎರಡನೆಯದು. ಯಂತ್ರವೇ ಬೇರೊಬ್ಬರ ಕೈಗೆ ಸಿಕ್ಕಾಗ ಒಳಗಿನ ಮಾಹಿತಿಯನ್ನು ಕಾಯುವುದು ಮೂರನೆಯದು. ಈ ಮೂರೂ ಒಂದೇ ದಿನ ಹುಟ್ಟಿದವಲ್ಲ. ಯಾವುದು ಯಾವಾಗ ಬಂದು ಸೇರಿತು ಎಂಬುದನ್ನು ಅರಿತರೆ, ಬೀಗವನ್ನು ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಬಾರದು ಎಂಬುದೂ ತಿಳಿಯುತ್ತದೆ.

ಹಲವರಿಗೆ ಒಂದೇ ಯಂತ್ರ

1950ರ ದಶಕದಲ್ಲಿ ಗಣಕದ ಮುಂದೆ ಕುಳಿತು ಕೆಲಸ ಮಾಡುವ ಭಾಗ್ಯ ಬಹಳ ಮಂದಿಗೆ ಇರಲಿಲ್ಲ. ಲೆಕ್ಕವನ್ನು ರಂಧ್ರಪಟ್ಟಿಗಳ ಮೇಲೆ ಬರೆದು ಗಣಕಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬರಬೇಕಿತ್ತು. ಉತ್ತರ ಕೈಸೇರುವುದು ಹಲವು ಗಂಟೆಗಳ ನಂತರ ಅಥವಾ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಸರದಿ! ಈ ಕಿರಿಕಿರಿಯನ್ನು ತಪ್ಪಿಸಲು, ಒಂದೇ ಗಣಕದ ಸಮಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಹಲವರಿಗೆ ಸರದಿಯಂತೆ ಹಂಚಬಹುದು ಎಂಬ ವಿಚಾರವನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, ಜಾನ್ ಮೆಕಾರ್ಥಿ 1959ರಲ್ಲಿ ಬರೆದು ಹಂಚಿದರು. ತುಣುಕುಗಳು ಸಾಕಷ್ಟು ಚಿಕ್ಕದಾಗಿದ್ದರೆ, ಪ್ರತಿಯೊಬ್ಬರಿಗೂ ಇಡೀ ಗಣಕ ತಮ್ಮೊಬ್ಬರದೇ ಎಂಬ ಭಾವನೆ ಬರುತ್ತದೆ.

ಈ ವಿಚಾರವನ್ನು ಕಾರ್ಯರೂಪಕ್ಕೆ ತಂದವರು ಅದೇ ಸಂಸ್ಥೆಯ ಫರ್ನಾಂಡೊ ಕೊರ್ಬಾಟೊ. ಭೌತವಿಜ್ಞಾನದ ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೊರ್ಬಾಟೊ ಮೂಲತಃ ಭೌತವಿಜ್ಞಾನಿ. ಜಾನ್ ಸ್ಲೇಟರ್ ಅವರ ಮಾರ್ಗದರ್ಶನದಲ್ಲಿ ಗ್ರಾಫೈಟ್ ಹರಳಿನ ಶಕ್ತಿಪಟ್ಟಿಗಳನ್ನು ಲೆಕ್ಕಹಾಕಿ 1956ರಲ್ಲಿ ಅವರು ಡಾಕ್ಟರೇಟ್ ಪಡೆದರು. ಅಂಥ ದೀರ್ಘ ಲೆಕ್ಕಗಳೇ ಅವರನ್ನು ಗಣಕದ ಕಡೆಗೆ ಎಳೆದವು. ಅವರ ತಂಡ 1961ರ ನವೆಂಬರ್‌ನಲ್ಲಿ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆ ವ್ಯವಸ್ಥೆಯನ್ನು ಮೊದಲ ಬಾರಿಗೆ ಪ್ರದರ್ಶಿಸಿತು.

ಒಂದೇ ಯಂತ್ರವನ್ನು ಹಲವರು ಬಳಸತೊಡಗಿದಾಗ ಎರಡು ಹೊಸ ಪ್ರಶ್ನೆಗಳು ಹುಟ್ಟಿದವು. ಪ್ರತಿಯೊಬ್ಬರ ಕಡತಗಳೂ ಒಂದೇ ಡಿಸ್ಕಿನ ಮೇಲೆ ಇರುವಾಗ ಯಾರ ಕಡತ ಯಾರದು? ಗಣಕದ ಸಮಯ ದುಬಾರಿಯಾಗಿರುವಾಗ ಯಾರ ಲೆಕ್ಕದಲ್ಲಿ ಎಷ್ಟು ಬರೆಯಬೇಕು? ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಪ್ತಪದ ಕೊಟ್ಟುಬಿಡುವುದು ತೀರ ಸರಳವಾದ ಪರಿಹಾರವಾಗಿ ತೋರಿತು ಎಂದು ಕೊರ್ಬಾಟೊ ಮುಂದೆ ವಿವರಿಸಿದ್ದಾರೆ. ಲಾಗಿನ್ ಎಂಬ ಪದವೂ ಇಲ್ಲಿಯ ಆಜ್ಞೆಗಳಲ್ಲಿ ಒಂದಾಗಿತ್ತು. ಹೀಗೆ ಗಣಕದ ಗುಪ್ತಪದ ಹುಟ್ಟಿದ್ದು ಕಳ್ಳರಿಗೆ ಹೆದರಿ ಅಲ್ಲ. ಒಂದೇ ಬಾವಿಯ ನೀರನ್ನು ಹಲವು ಮನೆಗಳಿಗೆ ಹಂಚುವ ಲೆಕ್ಕಾಚಾರವಾಗಿ.

ಗುಪ್ತಪದವನ್ನು ದಾಟಿದ ಮೊದಲಿಗರು

ಬೀಗ ಬಂದ ಮೇಲೆ ಅದನ್ನು ದಾಟುವವರು ಬರಲು ತಡವಾಗಲಿಲ್ಲ. ಅಲನ್ ಶೆರ್ ಅಲ್ಲಿಯ ಸಂಶೋಧನಾ ವಿದ್ಯಾರ್ಥಿ. ಕಾಲಹಂಚಿಕೆ ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಳೆಯುವುದೇ ಅವರ ಅಧ್ಯಯನದ ವಿಷಯ. ವಾರಕ್ಕೆ ಅವರಿಗೆ ಸಿಗುತ್ತಿದ್ದುದು ನಾಲ್ಕು ಗಂಟೆಗಳ ಗಣಕಸಮಯ. ಅದು ಸಾಲುತ್ತಿರಲಿಲ್ಲ. ಕಡತದ ಹೆಸರನ್ನು ರಂಧ್ರಪಟ್ಟಿಯ ಮೇಲೆ ಬರೆದುಕೊಟ್ಟರೆ ಆ ಕಡತವನ್ನು ಮುದ್ರಿಸಿಕೊಡುವ ವ್ಯವಸ್ಥೆ ಅಲ್ಲಿತ್ತು. 1962ರ ಒಂದು ಶುಕ್ರವಾರ ರಾತ್ರಿ ಶೆರ್ ಗುಪ್ತಪದಗಳ ಕಡತವನ್ನೇ ಮುದ್ರಿಸಲು ಪಟ್ಟಿ ಕೊಟ್ಟರು. ಶನಿವಾರ ಬೆಳಗ್ಗೆ ಬೇಗನೆ ಹೋಗಿ ಮುದ್ರಿತ ಹಾಳೆಗಳನ್ನು ಎತ್ತಿಕೊಂಡು ಬಂದರು. ಎಲ್ಲರ ಗುಪ್ತಪದಗಳೂ ಅದರಲ್ಲಿ ಇದ್ದಹಾಗೆಯೇ ಅಚ್ಚಾಗಿದ್ದವು! ಈ ಕಥೆಯನ್ನು ಅನೇಕ ವರ್ಷಗಳ ನಂತರ ಅವರೇ ಬಹಿರಂಗಪಡಿಸಿದರು.

ಇನ್ನೊಂದು ಘಟನೆಯನ್ನು ಸ್ವತಃ ಕೊರ್ಬಾಟೊ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. 1960ರ ದಶಕದ ನಡುವಿನ ಒಂದು ದಿನ, ಒಳಗೆ ಬಂದ ಪ್ರತಿಯೊಬ್ಬರಿಗೂ ಅಂದಿನ ಸ್ವಾಗತ ಸಂದೇಶದ ಬದಲು ಗುಪ್ತಪದಗಳ ಇಡೀ ಪಟ್ಟಿ ಕಾಣಿಸಿಕೊಂಡಿತು. ಇದು ಯಾರ ದುರುದ್ದೇಶವೂ ಅಲ್ಲ. ಇಬ್ಬರು ನಿರ್ವಾಹಕರು ಏಕಕಾಲದಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿತ್ತು. ಪರಿಣಾಮವಾಗಿ ಎರಡೂ ಅದಲುಬದಲಾದವು.

ಎರಡೂ ಘಟನೆಗಳಿಂದ ತಿಳಿಯುವುದು ಒಂದೇ. ಯಾರೂ ಬೀಗವನ್ನು ಒಡೆಯಲಿಲ್ಲ. ಬೀಗದ ಕೈಗಳ ಗೊಂಚಲು ಬೇರೆ ಕಡೆಯಿಂದ ಸಿಕ್ಕಿತು. ಗುಪ್ತಪದವನ್ನು ದಾಟುವವರು ಅದರ ಮುಂದೆ ನಿಂತು ಊಹಿಸುವುದಕ್ಕಿಂತ ಪಕ್ಕದಿಂದ ಸುತ್ತಿ ಬರುವುದೇ ಹೆಚ್ಚು.

ಬೀಗವೇ ಬೇಡ ಎಂದವರು

ಅದೇ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಇದಕ್ಕೆ ತದ್ವಿರುದ್ಧವಾದ ಪರಂಪರೆ ಬೆಳೆಯಿತು. 1960ರ ದಶಕದ ಕೊನೆಯಲ್ಲಿ ಅಲ್ಲಿಯವರು ತಮ್ಮದೇ ಆದ ಐ.ಟಿ.ಎಸ್. ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದರು. 'ಹೊಂದಿಕೊಳ್ಳದ ಕಾಲಹಂಚಿಕೆ ವ್ಯವಸ್ಥೆ' ಎಂಬ ಅರ್ಥದ ಆ ಹೆಸರು ಸಿ.ಟಿ.ಎಸ್.ಎಸ್. ಹೆಸರಿನ ಮೇಲೆ ಮಾಡಿದ ತಮಾಷೆ. ಅದರಲ್ಲಿ ಆರಂಭದಲ್ಲಿ ಗುಪ್ತಪದವೇ ಇರಲಿಲ್ಲ. ಯಾರು ಬೇಕಾದರೂ ಬಂದು ಕೆಲಸ ಮಾಡಬಹುದಿತ್ತು, ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ತಿದ್ದಬಹುದಿತ್ತು.

ಈ ಪರಿಸರದಲ್ಲಿ ಬೆಳೆದ ರಿಚರ್ಡ್ ಸ್ಟಾಲ್‌ಮನ್, ಮುಂದೆ ಮುಕ್ತ ತಂತ್ರಾಂಶ ಚಳವಳಿಯ ಪ್ರವರ್ತಕರಾದವರು. 1970ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಯ ಗಣಕವಿಜ್ಞಾನ ಪ್ರಯೋಗಾಲಯದ ಯಂತ್ರದಲ್ಲಿ ಗುಪ್ತಪದ ಪದ್ಧತಿ ಬಂದಾಗ, ಸ್ಟಾಲ್‌ಮನ್ ಆ ಗುಪ್ತಪದಗಳನ್ನು ಬಿಡಿಸುವ ದಾರಿ ಕಂಡುಕೊಂಡರು. ನಂತರ ಬಳಕೆದಾರರಿಗೆ ಸಂದೇಶ ಕಳುಹಿಸಿ, ನಿಮ್ಮ ಗುಪ್ತಪದ ಇಂಥದ್ದು, ಅದರ ಬದಲು ಏನನ್ನೂ ಬರೆಯದೆ ಬರೀ ರಿಟರ್ನ್ ಕೀಲಿಯನ್ನು ಒತ್ತುವಂತೆ ಮಾಡಿಕೊಳ್ಳಿ, ಅದು ಸುಲಭ ಎಂದು ಸೂಚಿಸಿದರು. ಸುಮಾರು ಐದರಲ್ಲಿ ಒಂದು ಭಾಗ ಬಳಕೆದಾರರು ಹಾಗೆಯೇ ಮಾಡಿದರಂತೆ.

ಗುಪ್ತಪದವನ್ನು ಬೇಡವೆನ್ನುವುದರ ಹಿಂದೆ ಬರೀ ಸೋಮಾರಿತನವಿರುತ್ತದೆ ಎಂದು ಭಾವಿಸಬೇಕಾಗಿಲ್ಲ. ಪರಸ್ಪರ ಪರಿಚಯವಿರುವ, ಒಬ್ಬರನ್ನೊಬ್ಬರು ನಂಬುವ ಚಿಕ್ಕ ಗುಂಪಿನಲ್ಲಿ ಬೀಗವಿಲ್ಲದೆಯೂ ವಿಜ್ಞಾನ ಚೆನ್ನಾಗಿಯೇ ನಡೆಯಿತು. ಆದರೆ ಅಂಥ ಯಂತ್ರಗಳು ಆರ್ಪಾನೆಟ್ ಜಾಲಕ್ಕೆ ಸೇರಿದ ಮೇಲೆ 'ಗುಂಪು' ಎಂಬುದರ ಗಡಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟವಾಯಿತು. ಗುಪ್ತಪದಕ್ಕೆ ಎರಡನೆಯ ಕೆಲಸ ಬಂದು ಸೇರಿದ್ದು ಹೀಗೆ.

ರಾಗಿ, ಹಿಟ್ಟು ಮತ್ತು ಉಪ್ಪು

ಗುಪ್ತಪದಗಳ ಪಟ್ಟಿ ಕಳುವಾದರೂ ಪ್ರಯೋಜನಕ್ಕೆ ಬಾರದಂತೆ ಮಾಡುವುದು ಹೇಗೆ? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಡಮ್ ಒಂದು ಸೊಗಸಾದ ಉಪಾಯ ಹೂಡಿದರು. ಮಾರಿಸ್ ವಿಲ್ಕ್ಸ್ ತಮ್ಮ 1968ರ ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಗಣಕದಲ್ಲಿ ಗುಪ್ತಪದವನ್ನು ಇಡುವುದೇ ಬೇಡ. ಅದನ್ನು ಒಂದು ಗಣಿತಕ್ರಿಯೆಗೆ ಒಳಪಡಿಸಿ ಬಂದ ಫಲಿತವನ್ನು ಮಾತ್ರ ಇಡೋಣ. ಆ ಕ್ರಿಯೆ ಒಂದೇ ದಿಕ್ಕಿನಲ್ಲಿ ಸುಲಭ. ರಾಗಿಯನ್ನು ಬೀಸಿದರೆ ಹಿಟ್ಟು ಸಿಗುತ್ತದೆ, ಹಿಟ್ಟಿನಿಂದ ರಾಗಿಯ ಕಾಳನ್ನು ಮರಳಿ ಪಡೆಯಲಾಗದು. ನಾಳೆ ನೀವು ಗುಪ್ತಪದವನ್ನು ಬರೆದಾಗ ಗಣಕ ಅದನ್ನೂ ಬೀಸಿ, ಇಟ್ಟುಕೊಂಡ ಹಿಟ್ಟಿನೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಒಳಗೆ ಬಿಡುತ್ತದೆ.

ಆದರೂ ಒಂದು ದಾರಿ ಉಳಿಯಿತು. ಕಳ್ಳನೂ ಬೀಸುವ ಕಲ್ಲನ್ನು ತಂದುಕೊಂಡು, ತನಗೆ ತೋಚಿದ ಪದಗಳನ್ನೆಲ್ಲ ಬೀಸಿ ನೋಡಬಹುದಲ್ಲ! ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ತಾಂಪ್ಸನ್ 1979ರ ನವೆಂಬರ್‌ನಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಅಂಕಿಗಳಲ್ಲಿ ತೋರಿಸಿತು. ಪಿ.ಡಿ.ಪಿ.-11/70 ಯಂತ್ರದಲ್ಲಿ ಯುನಿಕ್ಸ್‌ನ ಹಳೆಯ ವಿಧಾನದಿಂದ ಒಂದು ಪದವನ್ನು ಬೀಸಲು 1.25 ಮಿಲಿಸೆಕೆಂಡು ಸಾಕಿತ್ತು. ಆರು ಸಣ್ಣಕ್ಷರಗಳಿಂದ ಆಗುವ ಪದಗಳ ಒಟ್ಟು ಸಂಖ್ಯೆ 26ರ ಆರನೆಯ ಘಾತ, ಅಂದರೆ 30,89,15,776. ಗುಣಿಸಿ ನೋಡಿದರೆ ಎಲ್ಲವನ್ನೂ ಪ್ರಯತ್ನಿಸಲು ಬೇಕಾಗುವುದು ಸುಮಾರು 107 ಗಂಟೆ, ಅಂದರೆ ನಾಲ್ಕೂವರೆ ದಿನ.

ಅವರು ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ 15 ಪದಗಳು ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ನಾಲ್ಕು, ಐದು, ಆರು ಅಕ್ಷರಗಳ ಸುಲಭ ಪದಗಳನ್ನೂ ನಿಘಂಟಿನಲ್ಲಿ ಸಿಗುವ ಪದಗಳನ್ನೂ ಸೇರಿಸಿದರೆ ಒಟ್ಟು 2,831, ಅಂದರೆ ನೂರಕ್ಕೆ 86 ಗುಪ್ತಪದಗಳು ದುರ್ಬಲವಾಗಿದ್ದವು. ಗುಪ್ತಪದವನ್ನು ಕಿರಿಕಿರಿ ಎಂದು ಭಾವಿಸಿದ ಮನುಷ್ಯ ಅದನ್ನು ಆದಷ್ಟು ಚಿಕ್ಕದು ಮಾಡುತ್ತಾನೆ. ಅದು ಅರ್ಧ ದಾಟಿದ ಹಾಗೆಯೇ!

ಅವರು ಎರಡು ಪರಿಹಾರಗಳನ್ನು ಜಾರಿಗೆ ತಂದರು. ಒಂದು, ಬೀಸುವ ಕೆಲಸವನ್ನು ಬೇಕೆಂದೇ ನಿಧಾನಗೊಳಿಸುವುದು. ಅದಕ್ಕಾಗಿ ಗೂಢಲಿಪಿ ಕ್ರಿಯೆಯೊಂದನ್ನು 25 ಬಾರಿ ಆವರ್ತಿಸಲಾಯಿತು. ಎರಡು, ಬೀಸುವ ಮುನ್ನ ಪ್ರತಿ ಬಳಕೆದಾರರ ಪದಕ್ಕೂ 12 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸುವುದು. ಇದಕ್ಕೆ ಅವರಿಟ್ಟ ಹೆಸರು 'ಉಪ್ಪು'. 12 ಬಿಟ್ ಎಂದರೆ 4,096 ಬಗೆಯ ಉಪ್ಪು. ಒಂದೇ ಗುಪ್ತಪದ ಇಬ್ಬರಲ್ಲಿದ್ದರೂ ಹಿಟ್ಟು ಬೇರೆ ಬೇರೆ. ಮುಂಚೆಯೇ ಬೀಸಿಟ್ಟುಕೊಂಡು ಬರುವ ಕಳ್ಳ ಈಗ 4,096 ಪಟ್ಟು ಹೆಚ್ಚು ಬೀಸಬೇಕು.

ಬೀಗವಿಲ್ಲದೆ ಮನೆಗೆ ಬಂದ ಗಣಕ

ದೊಡ್ಡ ಯಂತ್ರಗಳ ಲೋಕದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗಲೇ ಗಣಕ ಚಿಕ್ಕದಾಗಿ ಮನೆಯೊಳಗೆ ಬಂದಿತು. 1977ರ ಆಪಲ್ 2, 1981ರ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರ್, ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಬಂದ ಬಿ.ಬಿ.ಸಿ. ಮೈಕ್ರೊ, ಇವುಗಳಲ್ಲಿ ಯಾವುದೂ 'ನೀವು ಯಾರು?' ಎಂದು ಕೇಳುತ್ತಿರಲಿಲ್ಲ. ಗುಂಡಿ ಒತ್ತಿದರೆ ಕೆಲಸ ಶುರು.

ಇದು ಮರೆವಿನಿಂದ ಆದ ಲೋಪವಲ್ಲ. ಗುಪ್ತಪದ ಹುಟ್ಟಿದ್ದು ಹಂಚಿಕೆಗಾಗಿ. ಒಬ್ಬರಿಗೆ ಒಂದು ಯಂತ್ರ ಎಂದಾದ ಮೇಲೆ ಹಂಚುವುದೇನಿದೆ? ಜಾಲದ ಸಂಪರ್ಕವೂ ಇರಲಿಲ್ಲ. ಆದ್ದರಿಂದ ಡಾಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಬಳಕೆದಾರ ಎಂಬ ಕಲ್ಪನೆಯೇ ಇಲ್ಲ. ಅದರ ಡಿಸ್ಕಿನ ದಾಖಲೆಪಟ್ಟಿಯಲ್ಲಿ ಕಡತದ ಹೆಸರು, ಗಾತ್ರ, ದಿನಾಂಕಗಳಿಗೆ ಸ್ಥಳವಿದೆ; ಒಡೆಯನ ಹೆಸರಿಗೆ ಸ್ಥಳವಿಲ್ಲ. ಬೀಗ ಬೇಕೆಂದವರಿಗೆ 1984ರ ಐ.ಬಿ.ಎಂ. ಎ.ಟಿ. ಯಂತ್ರದ ಮುಂಭಾಗದಲ್ಲಿ ನಿಜವಾದ ಲೋಹದ ಕೀಲಿಕೈ ಇತ್ತು! ಮುಂದೆ ಯಂತ್ರ ಚಾಲೂ ಆಗುವಾಗಲೇ ಗುಪ್ತಪದ ಕೇಳುವ ಸೌಲಭ್ಯವೂ ಬಂದಿತು. ಆದರೆ ಅನೇಕ ಯಂತ್ರಗಳಲ್ಲಿ ಒಳಗಿನ ಬಿಲ್ಲೆಯಾಕಾರದ ಬ್ಯಾಟರಿಯನ್ನು ತೆಗೆದಿಟ್ಟರೆ ಯಂತ್ರ ಆ ಗುಪ್ತಪದವನ್ನು ಮರೆತುಬಿಡುತ್ತಿತ್ತು.

ಎಸ್ಕೇಪ್ ಕೀಲಿಯ ಒಗಟು

1995ರಲ್ಲಿ ವಿಂಡೋಸ್ 95 ಬಂದಾಗ ಮನೆಯ ಗಣಕಗಳಲ್ಲಿಯೂ ಹೆಸರು, ಗುಪ್ತಪದ ಕೇಳುವ ಚೌಕ ಕಾಣಿಸಿಕೊಂಡಿತು. ಆದರೆ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಸಾಕು, ಚೌಕ ಮಾಯವಾಗಿ ಗಣಕ ತೆರೆದುಕೊಳ್ಳುತ್ತಿತ್ತು! ಇದನ್ನು ಕಂಡ ಎಷ್ಟೋ ವಿದ್ಯಾರ್ಥಿಗಳು ತಾವೊಂದು ದೊಡ್ಡ ದೋಷವನ್ನು ಪತ್ತೆಹಚ್ಚಿದೆವೆಂದು ಹಿಗ್ಗಿದ್ದುಂಟು.

ವಾಸ್ತವದಲ್ಲಿ ಅದು ದೋಷವಲ್ಲ. ಆ ಚೌಕ ಕೇಳುತ್ತಿದ್ದುದು ಯಂತ್ರದೊಳಗೆ ಬಿಡಲು ಅಲ್ಲ. ಕಚೇರಿಯ ಜಾಲಕ್ಕೆ ನಿಮ್ಮನ್ನು ಪರಿಚಯಿಸಲು ಮತ್ತು ನಿಮ್ಮ ಮೇಜಿನ ಅಲಂಕಾರವನ್ನು ನಿಮ್ಮಂತೆ ಜೋಡಿಸಲು. ಜಾಲ ಬೇಡ ಎನ್ನುವವರು ಮುಂದೆ ಹೋಗಬಹುದಿತ್ತು. ಡಿಸ್ಕಿನ ಕಡತಗಳಿಗೆ ಒಡೆಯರೇ ಇಲ್ಲದಿರುವಾಗ ಕಾಯುವುದಾದರೂ ಏನನ್ನು? ಆದರೆ ಹೊರಗಿನಿಂದ ನೋಡಿದವರಿಗೆ ಅದು ಬೀಗದಂತೆಯೇ ಕಾಣುತ್ತಿತ್ತು. ಬೀಗವಲ್ಲದ್ದನ್ನು ಬೀಗವೆಂದು ನಂಬಿದವರು ತಮ್ಮ ಖಾಸಗಿ ಪತ್ರಗಳನ್ನು ಅದರ ಹಿಂದೆ ಇಟ್ಟರು.

ನಿಜವಾದ ಬೀಗ ಇನ್ನೊಂದು ವಂಶದಲ್ಲಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್.ಟಿ. ಪ್ರತಿ ಕಡತಕ್ಕೂ ಒಡೆಯನನ್ನು ಗುರುತಿಸಬಲ್ಲ ಎನ್.ಟಿ.ಎಫ್.ಎಸ್. ಕಡತ ವ್ಯವಸ್ಥೆಯನ್ನು ಹೊಂದಿತ್ತು. ಲಾಗಿನ್‌ಗೆ ಮುನ್ನ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕಿತ್ತು. ಈ ಸಂಜ್ಞೆಯನ್ನು ಸಾಮಾನ್ಯ ಪ್ರೋಗ್ರಾಮುಗಳು ಹಿಡಿಯಲಾರವು. ಆದ್ದರಿಂದ ಗುಪ್ತಪದ ಕದಿಯಲೆಂದು ಯಾರಾದರೂ ನಕಲಿ ಚೌಕ ತೋರಿಸಿದರೂ ಅದು ಬಯಲಾಗುತ್ತಿತ್ತು.

ಆದರೆ ಹಳೆಯ ಜಾಲಗಳೊಂದಿಗೆ ಹೊಂದಿಕೊಳ್ಳಬೇಕೆಂಬ ಕಾರಣಕ್ಕೆ ಎನ್.ಟಿ. ಒಂದು ದುರ್ಬಲ ಪದ್ಧತಿಯನ್ನೂ ಉಳಿಸಿಕೊಂಡಿತು. 'ಎಲ್.ಎಂ.' ಎಂಬ ಆ ಪದ್ಧತಿ ಎಲ್ಲ ಅಕ್ಷರಗಳನ್ನೂ ದೊಡ್ಡಕ್ಷರ ಮಾಡಿ, 14 ಅಕ್ಷರಗಳನ್ನು ಏಳೇಳರ ಎರಡು ತುಂಡುಗಳಾಗಿ ಕತ್ತರಿಸಿ ಬೇರೆ ಬೇರೆ ಬೀಸುತ್ತಿತ್ತು. ಪರಿಣಾಮವನ್ನು ನೋಡಿ. 26 ಅಕ್ಷರ ಮತ್ತು 10 ಅಂಕಿಗಳನ್ನು ಬಳಸಿದರೆ 14 ಸ್ಥಾನಗಳ ಪದಗಳು 36ರ 14ನೆಯ ಘಾತದಷ್ಟು, ಅಂದರೆ 6ರ ಮುಂದೆ 21 ಸೊನ್ನೆಗಳಿರುವ ಸಂಖ್ಯೆಯಷ್ಟು. ಎರಡು ತುಂಡುಗಳಾಗಿ ಕತ್ತರಿಸಿದರೆ ಪ್ರತಿ ತುಂಡಿಗೆ 36ರ ಏಳನೆಯ ಘಾತ, ಸುಮಾರು 7,836 ಕೋಟಿ ಮಾತ್ರ. ಗುಣಿಸಬೇಕಾದ ಎರಡು ಸಂಖ್ಯೆಗಳನ್ನು ಕೂಡಿದಂತಾಯಿತು! ಮೇಲಾಗಿ ಉಪ್ಪೂ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಫಿಲಿಪ್ ಓಕ್ಸ್‌ಲಿನ್ 2003ರಲ್ಲಿ, ಮೊದಲೇ ಬೀಸಿಟ್ಟ 1.4 ಗಿಗಾಬೈಟ್ ಕೋಷ್ಟಕದ ನೆರವಿನಿಂದ ಇಂಥ ಗುಪ್ತಪದಗಳಲ್ಲಿ ಶೇಕಡಾ 99.9ರಷ್ಟನ್ನು 13.6 ಸೆಕೆಂಡುಗಳಲ್ಲಿ ಬಿಡಿಸಬಹುದೆಂದು ತೋರಿಸಿದರು. 1979ರಲ್ಲಿ ಯುನಿಕ್ಸ್ ಕಲಿತ ಪಾಠವನ್ನು ಬಿಟ್ಟಿದ್ದಕ್ಕೆ ತೆತ್ತ ಬೆಲೆ ಅದು.

ಖಾಲಿ ಗುಪ್ತಪದದ ವಿರೋಧಾಭಾಸ

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಎರಡು ವಂಶಗಳನ್ನೂ ಒಂದುಗೂಡಿಸಿತು. ಎನ್.ಟಿ.ಯ ಬೀಗ ಮನೆಗೆ ಬಂದಿತು. ಆದರೆ ಬೀಗ ಹಾಕಲೇಬೇಕೆಂಬ ಒತ್ತಾಯವಿರಲಿಲ್ಲ. ಮನೆಯಲ್ಲಿ ಒಬ್ಬರೇ ಬಳಕೆದಾರರಿದ್ದು ಅವರು ಗುಪ್ತಪದವನ್ನು ಇಡದಿದ್ದರೆ ಗಣಕ ನೇರವಾಗಿ ತೆರೆದುಕೊಳ್ಳುತ್ತಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ. ಗುಪ್ತಪದ ಖಾಲಿ ಇರುವ ಖಾತೆಯನ್ನು ಯಂತ್ರದ ಮುಂದೆ ಕುಳಿತವರು ಮಾತ್ರ ಬಳಸಬಹುದು, ಜಾಲದ ಮೂಲಕ ಬಂದವರು ಬಳಸಲಾಗದು ಎಂಬ ನಿಯಮವನ್ನು ಎಕ್ಸ್‌ಪಿಯಲ್ಲಿ ಅಳವಡಿಸಲಾಗಿತ್ತು. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು ಹರಡಲು ಬಳಸಿದ ಮಾರ್ಗಗಳಲ್ಲಿ, ಸಾಮಾನ್ಯ ಗುಪ್ತಪದಗಳ ಪಟ್ಟಿಯೊಂದನ್ನು ಹಿಡಿದು ಜಾಲದ ಇತರ ಗಣಕಗಳ ಮೇಲೆ ಒಂದೊಂದಾಗಿ ಪ್ರಯತ್ನಿಸುವುದೂ ಒಂದು. ಆ ಒಂದು ಮಾರ್ಗದ ಮಟ್ಟಿಗೆ '12345' ಎಂಬ ಗುಪ್ತಪದವಿದ್ದ ಖಾತೆ ಅಪಾಯದಲ್ಲಿತ್ತು; ಗುಪ್ತಪದವೇ ಇಲ್ಲದ ಖಾತೆಗೆ ಆ ಅಪಾಯವಿರಲಿಲ್ಲ! ಮನೆಯ ಬಾಗಿಲು ಮತ್ತು ಜಾಲದ ಬಾಗಿಲು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಗುಪ್ತಪದವನ್ನು ಇಟ್ಟುಕೊಂಡೂ ಅದನ್ನು ಕೇಳದಂತೆ ಮಾಡುವ ಇನ್ನೊಂದು ದಾರಿ, ಗಣಕವೇ ನಮ್ಮ ಪರವಾಗಿ ಲಾಗಿನ್ ಆಗುವ ಏರ್ಪಾಡು. ಗಣಕ ಗುಪ್ತಪದವನ್ನು ತಾನೇ ತುಂಬಬೇಕಾದರೆ ಬೀಸಿದ ಹಿಟ್ಟು ಸಾಲದು, ಕಾಳೇ ಬೇಕು. ವಿಂಡೋಸ್ ಎನ್.ಟಿ.ಯಲ್ಲಿ ಈ ಸೌಲಭ್ಯವನ್ನು ಬಳಸಿದರೆ ಗುಪ್ತಪದ ವ್ಯವಸ್ಥೆಯ ನೋಂದಣಿ ಕಡತದಲ್ಲಿ ಓದಬಹುದಾದ ರೂಪದಲ್ಲೇ ಕುಳಿತಿರುತ್ತಿತ್ತು. ನಂತರ ಅದನ್ನು ಗೂಢಲಿಪಿಯಲ್ಲಿ ಇಡುವ ಕ್ರಮ ಬಂದರೂ, ಬಿಡಿಸುವ ಕೀಲಿಯೂ ಅದೇ ಯಂತ್ರದಲ್ಲಿರಬೇಕಾದ್ದು ಅನಿವಾರ್ಯ. 1962ರಲ್ಲಿ ಶೆರ್ ಅವರಿಗೆ ಸಿಕ್ಕ ಮುದ್ರಿತ ಹಾಳೆಯ ಸ್ಥಿತಿಗೆ ನಾವು ಸುತ್ತಿ ಮರಳಿದಂತಾಯಿತು. ಅದೇ ಗುಪ್ತಪದವನ್ನು ಬ್ಯಾಂಕಿಗೂ ಮಿಂಚಂಚೆಗೂ ಬಳಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಗೋಡೆಯಿಲ್ಲದ ಮನೆಯ ಬಾಗಿಲು

ಎಕ್ಸ್‌ಪಿ ಕಾಲದ ಮನೆಯ ಗಣಕದಲ್ಲಿ ಬಲವಾದ ಗುಪ್ತಪದವನ್ನು ಇಟ್ಟಿದ್ದೆವು ಎನ್ನೋಣ. ಆಗಲಾದರೂ ಕಡತಗಳು ಭದ್ರವೇ? ಇಲ್ಲ. ಗುಪ್ತಪದವನ್ನು ಕೇಳುವುದು ಚಾಲೂ ಆದ ಕಾರ್ಯಾಚರಣ ವ್ಯವಸ್ಥೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಿದರೆ, ಅಥವಾ ಸಿ.ಡಿ.ಯಿಂದ ಬೇರೊಂದು ವ್ಯವಸ್ಥೆಯನ್ನು ಚಾಲೂ ಮಾಡಿದರೆ, ಪ್ರಶ್ನೆ ಕೇಳುವವರೇ ಇರುವುದಿಲ್ಲ. ಕಾಂತೀಯ ತಟ್ಟೆಯ ಮೇಲಿನ ಬಿಟ್‌ಗಳಿಗೆ ತಮ್ಮ ಒಡೆಯ ಯಾರೆಂದು ತಿಳಿಯದು. ಗುಪ್ತಪದ ಮರೆತವರಿಗೆ ಗಣಕ ದುರಸ್ತಿಯವರು ಕಡತಗಳನ್ನು ಹೊರತೆಗೆದು ಕೊಡಲು ಸಾಧ್ಯವಾಗುತ್ತಿದ್ದುದೂ ಇದರಿಂದಲೇ. ಬಾಗಿಲಿಗೆ ಗಟ್ಟಿ ಬೀಗವಿತ್ತು, ಸುತ್ತ ಗೋಡೆ ಇರಲಿಲ್ಲ.

ಗೋಡೆ ಕಟ್ಟುವುದೆಂದರೆ ಡಿಸ್ಕಿನ ಮಾಹಿತಿಯನ್ನೇ ಗೂಢಲಿಪಿಗೆ ತಿರುಗಿಸುವುದು. ವಿಂಡೋಸ್ 2000ರಲ್ಲಿ ಬೇಕಾದ ಕಡತಗಳನ್ನು ಹೀಗೆ ಇಡುವ ಸೌಲಭ್ಯ ಬಂದಿತು. 2003ರಲ್ಲಿ ಆಪಲ್ ಸಂಸ್ಥೆ ಫೈಲ್‌ವಾಲ್ಟ್ ಅನ್ನೂ, 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ತಾದ ಕೆಲವು ಆವೃತ್ತಿಗಳಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ಬಿಟ್‌ಲಾಕರ್ ಅನ್ನೂ ತಂದವು. ಕೀಲಿಯನ್ನು ಕಾಯಲು ಟಿ.ಪಿ.ಎಂ. ಎಂಬ ಪ್ರತ್ಯೇಕ ಬಿಲ್ಲೆಯನ್ನು ಬಳಸತೊಡಗಿದರು. 2021ರ ವಿಂಡೋಸ್ 11ಕ್ಕೆ ಈ ಬಿಲ್ಲೆ ಇರಲೇಬೇಕೆಂಬ ನಿಯಮ ಬಂದಿತು. 2024ರಲ್ಲಿ ಬಂದ ಅದರ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೊಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ, ಸೂಕ್ತ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ.

ನಾಲ್ಕಂಕಿಯ ಪಿನ್ ಸಂಖ್ಯೆಯನ್ನು ಇಂದಿನ ಗಣಕಗಳು ಒಪ್ಪುವುದೇಕೆ ಎಂದು ಕೆಲವು ವಿದ್ಯಾರ್ಥಿಗಳು ಕೇಳುತ್ತಾರೆ. ನಾಲ್ಕು ಅಂಕಿಗಳಿಂದ ಆಗುವುದು ಕೇವಲ 10,000 ಸಂಖ್ಯೆಗಳು. ಪಿ.ಡಿ.ಪಿ. ಯಂತ್ರದ ವೇಗದಲ್ಲೂ ಅವನ್ನೆಲ್ಲ 12.5 ಸೆಕೆಂಡುಗಳಲ್ಲಿ ಪ್ರಯತ್ನಿಸಬಹುದು! ಆದರೆ ಆ ಪಿನ್ ಟಿ.ಪಿ.ಎಂ. ಬಿಲ್ಲೆಗೆ ಜೋಡಿಸಿದ್ದು. ತಪ್ಪು ಪ್ರಯತ್ನಗಳನ್ನು ಬಿಲ್ಲೆ ಎಣಿಸುತ್ತದೆ, ಕೆಲವು ಬಾರಿ ತಪ್ಪಿದ ಮೇಲೆ ಕಾಯಿಸುತ್ತದೆ. ಬೀಸುವ ಕಲ್ಲನ್ನು ಕಳ್ಳ ತನ್ನ ಮನೆಗೆ ಒಯ್ಯುವಂತಿಲ್ಲ. ಸಾಧ್ಯತೆಗಳ ಸಂಖ್ಯೆ ಮಾತ್ರವಲ್ಲ, ಪ್ರಯತ್ನದ ವೇಗವೂ ಮುಖ್ಯ ಎಂದು 1979ರಲ್ಲಿ ಹೇಳಿದ್ದ ತತ್ತ್ವವೇ ಇದು.

ಈಗ ದಾಟಿದರೆ ಏನಾಗುತ್ತದೆ?

ಇಷ್ಟು ಇತಿಹಾಸ ತಿಳಿದ ಮೇಲೆ ಮೊದಲ ಪ್ರಶ್ನೆಗೆ ಬರಬಹುದು. ಎಕ್ಸ್‌ಪಿ ಕಾಲದಲ್ಲಿ ಮನೆಯೊಳಗೇ ಇರುವ ಗಣಕದ ಗುಪ್ತಪದವನ್ನು ತೆಗೆದುಹಾಕಿದವರು ಕಳೆದುಕೊಂಡದ್ದು ಬಹಳವಿಲ್ಲ. ಗೋಡೆಯೇ ಇಲ್ಲದ ಮನೆಯ ಬಾಗಿಲನ್ನು ತೆರೆದಿಟ್ಟರು, ಅಷ್ಟೆ. ಇಂದು ಅದೇ ಕೆಲಸದ ಅರ್ಥ ಬೇರೆ. ಇಂದಿನ ಬಹುತೇಕ ಮನೆಯ ಗಣಕಗಳಲ್ಲಿ, ಯಂತ್ರ ಚಾಲೂ ಆಗುವಾಗ ಟಿ.ಪಿ.ಎಂ. ಬಿಲ್ಲೆ ಡಿಸ್ಕಿನ ಕೀಲಿಯನ್ನು ತಾನಾಗಿಯೇ ಕೊಟ್ಟುಬಿಡುತ್ತದೆ. ಆನಂತರ ಉಳಿಯುವ ಒಂದೇ ತಡೆ ಲಾಗಿನ್ ಚೌಕ. ಅದನ್ನೂ ತೆಗೆದರೆ, ಡಿಸ್ಕನ್ನು ಎಷ್ಟು ಬಲವಾಗಿ ಗೂಢಲಿಪಿಗೆ ತಿರುಗಿಸಿದ್ದರೂ ವ್ಯರ್ಥ. ಗುಂಡಿ ಒತ್ತಿದವರ ಮುಂದೆ ಎಲ್ಲವೂ ತೆರೆದುಕೊಳ್ಳುತ್ತದೆ.

ಆ 'ಎಲ್ಲ' ಎಂಬುದೂ ಬೆಳೆದಿದೆ. ಬ್ರೌಸರ್‌ನಲ್ಲಿ ಉಳಿಸಿದ ಹತ್ತಾರು ಗುಪ್ತಪದಗಳು ನಾವು ಲಾಗಿನ್ ಆದೊಡನೆ ಬಳಕೆಗೆ ಸಿಗುವಂತೆ ಇರುತ್ತವೆ. ಮಿಂಚಂಚೆ ತೆರೆದೇ ಇರುತ್ತದೆ. ಆ ಮಿಂಚಂಚೆಯ ಮೂಲಕ ಉಳಿದ ಖಾತೆಗಳ ಗುಪ್ತಪದವನ್ನೂ ಬದಲಿಸಬಹುದು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಮರೆತುಹೋದರೆ ಹೋಗುವುದು ಯಂತ್ರದ ಬೆಲೆ ಮಾತ್ರವಲ್ಲ. ಶಿಕ್ಷಕರ ಗಣಕದಲ್ಲಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಮಕ್ಕಳ ವಿಳಾಸಗಳಿರುತ್ತವೆ. ಅವು ನಮ್ಮ ಸ್ವಂತದ್ದಲ್ಲ, ನಮ್ಮಲ್ಲಿ ನಂಬಿಕೆಯಿಂದ ಇಟ್ಟವು.

ಆದ್ದರಿಂದ ಗುಪ್ತಪದವನ್ನು ತೆಗೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಯಂತ್ರವನ್ನು ನಾನೊಬ್ಬನೇ ಬಳಸುತ್ತೇನೆಯೇ? ಇದು ಜಾಲಕ್ಕೆ ಜೋಡಿಸಿದೆಯೇ? ಇದು ಬೇರೆಯವರ ಕೈಗೆ ಸಿಕ್ಕರೆ ಯಾರಿಗೆ ನಷ್ಟ? ಪ್ರಯೋಗಾಲಯದಲ್ಲಿ ಲೋಲಕದ ಅವಧಿಯನ್ನೋ ಉಷ್ಣತೆಯನ್ನೋ ದಾಖಲಿಸಲು ಮಾತ್ರ ಇಟ್ಟ, ಜಾಲಕ್ಕೆ ಸೇರದ ಹಳೆಯ ಗಣಕಕ್ಕೆ ಗುಪ್ತಪದದ ಗೊಡವೆ ಬೇಡ. ಮನೆಯವರೆಲ್ಲ ಬಳಸುವ ಗಣಕದಲ್ಲಿ ಎಲ್ಲರಿಗೂ ಪ್ರತ್ಯೇಕ ಖಾತೆ ಇರಲಿ. ಪಿಯುಸಿ ಓದುವ ಮಗಳ ಪತ್ರಗಳಿಗೂ ಖಾಸಗಿತನದ ಹಕ್ಕುಂಟು. ಹೊರಗೆ ಒಯ್ಯುವ ಲ್ಯಾಪ್‌ಟಾಪಿನ ಗುಪ್ತಪದವನ್ನಂತೂ ತೆಗೆಯಲೇಬಾರದು. ಬರೆಯುವುದು ಕಷ್ಟವೆನಿಸಿದರೆ ಪಿನ್ ಅಥವಾ ಬೆರಳಚ್ಚಿನ ಸೌಲಭ್ಯವನ್ನು ಬಳಸಬಹುದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗೋಡೆ ಗಟ್ಟಿಯಾದಷ್ಟೂ ಅದು ಒಡೆಯನನ್ನೂ ಹೊರಗೆ ನಿಲ್ಲಿಸಬಲ್ಲದು. ಗೂಢಲಿಪಿಗೆ ತಿರುಗಿದ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯಲು ಈಗ ದುರಸ್ತಿಯವರಿಗೂ ಸಾಧ್ಯವಿಲ್ಲ. ಬಿಟ್‌ಲಾಕರ್‌ಗೆ 48 ಅಂಕಿಗಳ ಒಂದು ಮರುಪಡೆಯುವ ಕೀಲಿ ಇರುತ್ತದೆ. ತಾಯಿಹಲಗೆಯನ್ನು ಬದಲಿಸಿದಾಗ ಅಥವಾ ಬಿಲ್ಲೆಗೆ ಅನುಮಾನ ಬಂದಾಗ ಗಣಕ ಕೇಳುವುದು ಅದನ್ನೇ. ಅದು ಮೈಕ್ರೊಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ಎಂದು ಇಂದೇ ನೋಡಿಕೊಳ್ಳಿ. ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ, ಮನೆಯವರಲ್ಲಿ ಒಬ್ಬರಿಗಾದರೂ ಅದು ಎಲ್ಲಿದೆ ಎಂದು ತಿಳಿಸಿ.

ತರಗತಿಯಲ್ಲಿ ಗುಪ್ತಪದಗಳ ಲೆಕ್ಕವನ್ನು ಮಾಡಿಸಲು ಬಯಸುವ ಶಿಕ್ಷಕರು ಮೇಲಿನ ಎರಡು ಉದಾಹರಣೆಗಳಿಂದ ಆರಂಭಿಸಬಹುದು. ಆರು ಅಕ್ಷರಗಳಿಗೆ 107 ಗಂಟೆಯಾದರೆ ಅದೇ ವೇಗದಲ್ಲಿ ಎಂಟು ಅಕ್ಷರಗಳಿಗೆ ಎಷ್ಟು ವರ್ಷ? ಏಳೇಳರ ಎರಡು ತುಂಡುಗಳಿಗೆ ಬದಲು 14 ಅಕ್ಷರಗಳನ್ನು ಒಟ್ಟಿಗೆ ಬೀಸಿದ್ದರೆ ಕೆಲಸ ಎಷ್ಟು ಪಟ್ಟು ಹೆಚ್ಚುತ್ತಿತ್ತು? ಘಾತಾಂಕಗಳ ಪಾಠಕ್ಕೆ ಇದು ಒಳ್ಳೆಯ ಅಭ್ಯಾಸವಾಗುತ್ತದೆ.